ವಕೀಲರಿಗೆ ಕೊಡಲು ಹಣವಿಲ್ಲವೇ? ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ದಾರಿ: ವಿಜಯಪುರ ಭಾಗದವರಿಗೆ

ಮನೆಯವರನ್ನು ಪೊಲೀಸರು ಕರೆದುಕೊಂಡು ಹೋದರು ಅಂದ ಕೂಡಲೇ ನಮ್ಮ ಕಡೆ ಮೊದಲು ಶುರುವಾಗುವುದು ಹಣದ ಓಡಾಟ. ಕಿವಿಯ ಬಂಗಾರ ಒತ್ತೆಗೆ ಹೋಗುತ್ತದೆ. ಹಾಲು ಕೊಡುವ ಎಮ್ಮೆ ಸಂತೆಗೆ ಹೋಗುತ್ತದೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದವರು ಮುಕಾದಮನ ಹತ್ತಿರ ಮುಂದಿನ ವರ್ಷದ ಮುಂಗಡ ಕೇಳುತ್ತಾರೆ. ಇಷ್ಟೆಲ್ಲ ಆಗುವ ಹೊತ್ತಿಗೆ ನಾಲ್ಕೈದು ದಿನ ಕಳೆದಿರುತ್ತದೆ. ಕ್ರಿಮಿನಲ್ ಕೇಸಿನಲ್ಲಿ ಆ ನಾಲ್ಕೈದು ದಿನ ಬಹಳ ಮುಖ್ಯ. ಆ ಹೊತ್ತಿನಲ್ಲಿ ಆರೋಪಿಯ ಪಕ್ಕದಲ್ಲಿ ಒಬ್ಬ ವಕೀಲರು ಇರಲೇಬೇಕು. ಅವರಿಗೆ ನೀವು ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ.

ಇದು ಯಾರೋ ದೊಡ್ಡವರು ಮಾಡುವ ಉಪಕಾರ ಅಲ್ಲ. ಸಂವಿಧಾನದ 39ಎ ವಿಧಿ ಬಡವರಿಗೆ ಉಚಿತ ಕಾನೂನು ನೆರವು ಕೊಡಬೇಕು ಎನ್ನುತ್ತದೆ. 1979ರಲ್ಲಿ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಹಾರದ ಜೈಲುಗಳಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದ ವಿಚಾರಣಾ ಕೈದಿಗಳನ್ನು ನೋಡಿ, ವಕೀಲರಿಲ್ಲದ ವಿಚಾರಣೆ ನ್ಯಾಯವಾದ ವಿಚಾರಣೆಯಲ್ಲ ಎಂದು ಹೇಳಿತು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1995ರ ನವೆಂಬರ್ 9ರಂದು ಜಾರಿಗೆ ಬಂತು. ಇವತ್ತು ಪ್ರತಿ ಜಿಲ್ಲಾ ನ್ಯಾಯಾಲಯದಲ್ಲಿ ಇದಕ್ಕಾಗಿಯೇ ಒಂದು ಕಚೇರಿ ಇದೆ. ಆದರೂ ಜನ ಅಲ್ಲಿಗೆ ಹೋಗುವುದು ಹಣವೆಲ್ಲ ಮುಗಿದ ಮೇಲೆ. ಈ ಲೇಖನದ ಉದ್ದೇಶ ಇಷ್ಟೇ: ಹಣ ಮುಗಿಯುವ ಮೊದಲೇ, ಮೊದಲ ದಿನವೇ ನೀವು ಅಲ್ಲಿಗೆ ಹೋಗಬೇಕು. ವಕೀಲರು ಸಿಕ್ಕ ಮೇಲೆ ಅವರಿಗೆ ಬೇಕಾದ ಮಾಹಿತಿಯನ್ನೂ ನೀವೇ ಒದಗಿಸಬೇಕು.

ಯಾರಿಗೆ ಸಿಗುತ್ತದೆ

ಕಾಯ್ದೆಯ 12ನೇ ಸೆಕ್ಷನ್‌ನಲ್ಲಿ ಪಟ್ಟಿ ಇದೆ. ಪೊಲೀಸ್ ಕಸ್ಟಡಿಯಲ್ಲಿ ಅಥವಾ ಜೈಲಿನಲ್ಲಿ ಇರುವ ಯಾರಿಗೇ ಆಗಲಿ ಉಚಿತ ವಕೀಲರು ಸಿಗುತ್ತಾರೆ. ಅವರ ಆದಾಯ ಎಷ್ಟು ಎಂದು ಯಾರೂ ಕೇಳುವಂತಿಲ್ಲ. ಒಳಗಿರುವವರ ಮನೆಯವರು ಇದೊಂದನ್ನು ನೆನಪಿಟ್ಟರೆ ಸಾಕು. "ನಮಗೆ ಎರಡು ಎಕರೆ ಹೊಲ ಇದೆ, ನಮಗೆ ಕೊಡ್ತಾರೋ ಇಲ್ವೋ" ಎಂದು ಹಿಂಜರಿಯುವವರನ್ನು ಕೋರ್ಟಿನ ಆವರಣದಲ್ಲಿ ಎಷ್ಟೋ ಸಲ ನೋಡಿದ್ದೇನೆ. ಹಿಂಜರಿಯಬೇಡಿ.

ಹೊರಗೆ ಇದ್ದೇ ಕೇಸ್ ಎದುರಿಸುತ್ತಿರುವವರಲ್ಲಿ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರು, ನೆರೆ ಅಥವಾ ಬರದಂಥ ವಿಕೋಪಕ್ಕೆ ಸಿಕ್ಕವರು ಆದಾಯದ ಮಿತಿ ಇಲ್ಲದೆ ಅರ್ಹರು. ತಾಂಡಾಗಳ ಲಂಬಾಣಿಗರು ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಲ್ಲಿ ಬರುತ್ತಾರೆ. ಅವರಿಗೆ ಜಾತಿ ಪ್ರಮಾಣಪತ್ರವೇ ಸಾಕು. ಉಳಿದವರಿಗೆ ರಾಜ್ಯ ಸರ್ಕಾರ ನಿಗದಿ ಮಾಡಿದ ವಾರ್ಷಿಕ ಆದಾಯದ ಮಿತಿ ಇದೆ. ಆದಾಯ ಇಷ್ಟು ಎಂದು ಅಫಿಡವಿಟ್ ಕೊಟ್ಟರೆ, ಅನುಮಾನಪಡಲು ಕಾರಣವಿಲ್ಲದಿದ್ದಾಗ ಅದನ್ನೇ ಒಪ್ಪಬಹುದು ಎಂದು ಕಾಯ್ದೆಯೇ ಹೇಳುತ್ತದೆ.

ಒಂದು ಸಣ್ಣ ಎಚ್ಚರಿಕೆ. ಗಂಡನ ಮೇಲೆ ಕೇಸ್ ಇದ್ದಾಗ ಹೆಂಡತಿ ಅರ್ಜಿ ತಂದುಕೊಟ್ಟರೂ ಲೆಕ್ಕಕ್ಕೆ ಬರುವುದು ಗಂಡನ ಅರ್ಹತೆಯೇ. ಮಹಿಳೆ ಎನ್ನುವ ಕಾರಣಕ್ಕೆ ಸಿಗುವುದು ಕೇಸ್ ಆಕೆಯದ್ದೇ ಆಗಿದ್ದಾಗ.

ಮೊದಲ ದಿನ: ಠಾಣೆಯಲ್ಲಿ

ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಸಮಯ ಮಾತ್ರ ಇದರಲ್ಲಿ ಸೇರುವುದಿಲ್ಲ. ಆ ಗಂಟೆಗಳಲ್ಲಿ ಮನೆಯವರು ಠಾಣೆಯ ಹೊರಗೆ ಸುಮ್ನೆ ಕೂತು ಕಾಯುವ ಬದಲು ಮೂರು ವಿಷಯ ಕೇಳಿ ಬರೆದುಕೊಳ್ಳಿ: ಯಾವ ಠಾಣೆ, ಕ್ರೈಂ ನಂಬರ್ ಎಷ್ಟು, ಯಾವ ಸೆಕ್ಷನ್. ಇವಿಷ್ಟು ಕೈಯಲ್ಲಿದ್ದರೆ ಮುಂದಿನ ಅರ್ಧ ಕೆಲಸ ಸಲೀಸು. ಬಂಧನದ ಸುದ್ದಿಯನ್ನು ಮನೆಯವರಿಗೆ ಅಥವಾ ಸ್ನೇಹಿತರಿಗೆ ತಿಳಿಸುವುದು ಪೊಲೀಸರ ಕರ್ತವ್ಯ. ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 48ನೇ ಸೆಕ್ಷನ್‌ನಲ್ಲಿದೆ. ಹಳೆಯ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) ಬದಲು 2024ರ ಜುಲೈ 1ರಿಂದ ಈ ಸಂಹಿತೆ ಜಾರಿಯಲ್ಲಿದೆ. ಅದಕ್ಕೇ ಹಳೆಯ ಸೆಕ್ಷನ್ ನಂಬರ್ ಹೇಳುವವರೂ ಹೊಸದನ್ನು ಹೇಳುವವರೂ ಈಗ ಒಟ್ಟಿಗೆ ಸಿಗುತ್ತಾರೆ. ಗಾಬರಿ ಬೇಡ, ವಿಷಯ ಬಹುತೇಕ ಒಂದೇ.

ಯಾಕೆ ಬಂಧಿಸಿದ್ದೇವೆ ಎಂಬುದನ್ನು ಬಂಧಿತನಿಗೆ ಅರ್ಥವಾಗುವ ಭಾಷೆಯಲ್ಲಿ, ಬರಹದಲ್ಲಿ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಆ ಕ್ಷಣ ಆಗದಿದ್ದರೆ ಬಾಯಲ್ಲಿ ಹೇಳಿ, ರಿಮಾಂಡಿಗೆ, ಅಂದರೆ ಕಸ್ಟಡಿ ಮುಂದುವರಿಸಲು ಮ್ಯಾಜಿಸ್ಟ್ರೇಟರ ಮುಂದೆ, ಹಾಜರುಪಡಿಸುವ ಕನಿಷ್ಠ ಎರಡು ಗಂಟೆ ಮೊದಲು ಬರಹದಲ್ಲಿ ಕೊಡಬೇಕು. ನಮ್ಮಂಥ ಗಡಿ ಸೀಮೆಯಲ್ಲಿ ಇದಕ್ಕೆ ಬಹಳ ಬೆಲೆ ಇದೆ. ಚಡಚಣದ ಮರಾಠಿ ಮಾತಾಡುವ ಹುಡುಗ, ಊರಿನ ಉರ್ದು ಮಾತಾಡುವ ಅಜ್ಜ, ತಾಂಡಾದ ಹೆಣ್ಣುಮಗಳು ಇವರೆಲ್ಲ ಕನ್ನಡದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದಿರುತ್ತಾರೆ. ಓದಲು ಬಾರದ ಕಾಗದಕ್ಕೆ "ಓದಿ ಹೇಳಿ" ಎಂದು ಕೇಳುವುದು ತಪ್ಪಲ್ಲ. ಖಾಲಿ ಕಾಗದಕ್ಕೆ ಮಾತ್ರ ಎಂದಿಗೂ ಸಹಿ ಮಾಡಬಾರದು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ನಿಲ್ಲುವುದಿಲ್ಲ, ಇದೂ ಗೊತ್ತಿರಲಿ.

ವಿಚಾರಣೆ ಮಾಡುವಾಗ ತನ್ನ ವಕೀಲರನ್ನು ಭೇಟಿಯಾಗುವ ಹಕ್ಕು ಬಂಧಿತನಿಗೆ ಇದೆ. ವಕೀಲರು ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಲು ಅವಕಾಶ ಇಲ್ಲ, ಆದರೆ ಭೇಟಿಗೆ ಇದೆ. ವಕೀಲರು ಗೊತ್ತಿಲ್ಲದಿದ್ದರೆ ಕಾನೂನು ಸೇವೆಗಳ ರಾಷ್ಟ್ರೀಯ ಸಹಾಯವಾಣಿ 15100ಕ್ಕೆ ಕರೆ ಮಾಡಿ. ಹುಡುಗ 18 ದಾಟಿಲ್ಲದಿದ್ದರೆ ಶಾಲೆಯ ದಾಖಲೆಯ ಜೆರಾಕ್ಸ್ ಹಿಡಿದು ಕೂಡಲೇ ಠಾಣೆಗೆ ಹೋಗಿ. ಅವನನ್ನು ಲಾಕಪ್ಪಿನಲ್ಲೂ ಇಡುವಂತಿಲ್ಲ, ಜೈಲಿನಲ್ಲೂ ಇಡುವಂತಿಲ್ಲ. ಅವನ ವಿಷಯ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗಬೇಕು.

ಮ್ಯಾಜಿಸ್ಟ್ರೇಟರ ಮುಂದೆ ಹೇಳಬೇಕಾದ ಒಂದು ಮಾತು

ಮೊದಲ ಹಾಜರಿ ಎರಡು ನಿಮಿಷದಲ್ಲಿ ಮುಗಿದುಹೋಗಬಹುದು. ಹೆಸರು ಕೇಳುತ್ತಾರೆ, ಪೊಲೀಸರು ಹೊಡೆದರಾ ಎಂದು ಕೇಳುತ್ತಾರೆ, ವಕೀಲರು ಇದ್ದಾರಾ ಎಂದು ಕೇಳುತ್ತಾರೆ. ಹೆದರಿದ ಮನುಷ್ಯ ಎಲ್ಲಕ್ಕೂ ತಲೆ ಆಡಿಸಿಬಿಡುತ್ತಾನೆ. ಆ ಹೊತ್ತಿನಲ್ಲಿ ಅವನು ಹೇಳಬೇಕಾದದ್ದು ಇಷ್ಟು: "ಸಾಹೇಬ್ರೇ, ನನಗೆ ವಕೀಲರಿಲ್ಲ. ವಕೀಲರನ್ನು ಇಟ್ಟುಕೊಳ್ಳುವ ಶಕ್ತಿ ಇಲ್ಲ. ಸರ್ಕಾರದಿಂದ ವಕೀಲರನ್ನು ಕೊಡಿ." ಹೊಡೆದಿದ್ದರೆ ಅದನ್ನೂ ಅಲ್ಲೇ ಹೇಳಬೇಕು. ಆಮೇಲೆ ಹೇಳಿದರೆ ಗಾಯ ಮಾಗಿರುತ್ತದೆ.

ಈ ಮಾತನ್ನು ಅವನು ಹೇಳದಿದ್ದರೂ ಹಕ್ಕು ಹೋಗುವುದಿಲ್ಲ. ಭಾಗಲ್ಪುರದಲ್ಲಿ ಕೈದಿಗಳನ್ನು ಕುರುಡು ಮಾಡಿದ ಘೋರ ಪ್ರಕರಣದಲ್ಲಿ, ಅಂದರೆ 1981ರ ಖತ್ರಿ ತೀರ್ಪಿನಲ್ಲಿ, ಉಚಿತ ವಕೀಲರ ಹಕ್ಕಿನ ಬಗ್ಗೆ ಆರೋಪಿಗೆ ತಿಳಿಸುವುದು ಮ್ಯಾಜಿಸ್ಟ್ರೇಟರ ಕರ್ತವ್ಯ, ಆ ಹಕ್ಕು ಮೊದಲ ಹಾಜರಿಯಿಂದಲೇ ಶುರು ಎಂದು ಸುಪ್ರೀಂ ಕೋರ್ಟ್ ಹೇಳಿತು. 1986ರ ಸುಕ್ ದಾಸ್ ಪ್ರಕರಣದಲ್ಲಿ ಆರೋಪಿ ವಕೀಲರನ್ನು ಕೇಳಿರಲೇ ಇಲ್ಲ. ಆದರೂ ವಕೀಲರಿಲ್ಲದೆ ಕೊಟ್ಟ ಶಿಕ್ಷೆಯನ್ನೇ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಹೀಗಿದ್ದರೂ ಬಾಯಿಬಿಟ್ಟು ಕೇಳುವುದೇ ಒಳ್ಳೆಯದು. ಕೇಳಿದ್ದು ದಾಖಲಾಗುತ್ತದೆ, ಕೆಲಸ ಬೇಗ ಆಗುತ್ತದೆ.

ಕೋರ್ಟಿನಲ್ಲಿ ಕರಿ ಕೋಟು ಹಾಕಿ ಪೊಲೀಸರ ಪರ ನಿಂತವರು ಸರ್ಕಾರಿ ಅಭಿಯೋಜಕರು. ಜನ ಅವರನ್ನೂ "ಸರ್ಕಾರಿ ವಕೀಲರು" ಎಂದೇ ಕರೆಯುತ್ತಾರೆ. ಉಚಿತ ವಕೀಲರು ಬೇಕು ಎಂದು ಅವರ ಬೆನ್ನು ಹತ್ತಿ ಕೇಸಿನ ಒಳಗುಟ್ಟೆಲ್ಲ ಹೇಳಿಕೊಳ್ಳುವವರಿದ್ದಾರೆ. ಅವರು ನಿಮ್ಮ ಎದುರು ಪಕ್ಷ. ನಿಮಗೆ ಬೇಕಾದವರು ಕಾನೂನು ನೆರವು ಅಭಿರಕ್ಷಕರು, ಅಂದರೆ ಆರೋಪಿಯ ಪರ ವಾದಿಸುವ ಉಚಿತ ವಕೀಲರು.

ಅರ್ಜಿ ಎಲ್ಲಿ ಕೊಡಬೇಕು

ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರೇ ಅದರ ಅಧ್ಯಕ್ಷರು. ದಿನದ ಕೆಲಸ ನೋಡುವವರು ಸದಸ್ಯ ಕಾರ್ಯದರ್ಶಿ, ಅವರೂ ನ್ಯಾಯಾಧೀಶರೇ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ಕಡೆ ತಾಲೂಕು ಕೋರ್ಟಿನಲ್ಲಿಯೇ ತಾಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. ಅಥಣಿಯವರು ಬೆಳಗಾವಿಯವರೆಗೆ ದಿನವಿಡೀ ಬಸ್ಸಿನಲ್ಲಿ ಹೋಗಿ ಬರುವ ಅಗತ್ಯ ಇಲ್ಲ. ಕೇಸ್ ಯಾವ ಕೋರ್ಟಿನಲ್ಲಿದೆಯೋ ಅಲ್ಲೇ ಕೇಳಿ.

ಕ್ರಿಮಿನಲ್ ಆರೋಪಿಗಳ ಪರ ವಾದಿಸುವುದಕ್ಕೆಂದೇ ಈಗ ಜಿಲ್ಲೆಗಳಲ್ಲಿ ಪೂರ್ಣಾವಧಿ ವಕೀಲರ ತಂಡ ಇರುತ್ತದೆ. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ 2022ರ ಯೋಜನೆ ಇದು. ಮುಖ್ಯ ಅಭಿರಕ್ಷಕರು, ಉಪ ಮುಖ್ಯ ಅಭಿರಕ್ಷಕರು, ಸಹಾಯಕ ಅಭಿರಕ್ಷಕರು ಎಂದು ಹುದ್ದೆಗಳಿವೆ. ಇವರು ಖಾಸಗಿ ಕೇಸ್ ಹಿಡಿಯುವಂತಿಲ್ಲ. ಸಂಬಳ ಪ್ರಾಧಿಕಾರದಿಂದ ಬರುತ್ತದೆ. ಇವರಲ್ಲದೆ ಪ್ರಾಧಿಕಾರದ ಪ್ಯಾನೆಲ್ ವಕೀಲರೂ ಇರುತ್ತಾರೆ. "ಉಚಿತ ವಕೀಲರು ಅಂದರೆ ಕೆಲಸ ಇಲ್ಲದವರು" ಎಂದು ಕೋರ್ಟಿನ ಚಹಾದಂಗಡಿಯಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ದಿನಾ ಕ್ರಿಮಿನಲ್ ಕೇಸನ್ನೇ ನಡೆಸುವವರಿಗೆ ಆ ಕೆಲಸ ಕೈಗೆ ಹತ್ತಿರುತ್ತದೆ.

ಅರ್ಜಿಯನ್ನು ಕನ್ನಡದಲ್ಲಿ ಅಥವಾ ಇಂಗ್ಲಿಷಿನಲ್ಲಿ, ಬಿಳಿ ಹಾಳೆಯಲ್ಲಿ ಬರೆಯಬಹುದು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಕಚೇರಿಯವರು ಅಥವಾ ಅರೆ ಕಾನೂನು ಸ್ವಯಂಸೇವಕರು ಬರೆದುಕೊಳ್ಳಬೇಕು. ಒಂದು ಮಾದರಿ ಕೊಡುತ್ತೇನೆ, ಹೀಗೇ ಇರಬೇಕೆಂದಿಲ್ಲ:

"ಗೆ,
ಸದಸ್ಯ ಕಾರ್ಯದರ್ಶಿಗಳು,
ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ವಿಜಯಪುರ.

ವಿಷಯ: ಕ್ರಿಮಿನಲ್ ಕೇಸಿನಲ್ಲಿ ಉಚಿತ ವಕೀಲರನ್ನು ನೇಮಿಸುವ ಬಗ್ಗೆ.

ಮಾನ್ಯರೇ,
ನನ್ನ ಮಗ …… , ವಯಸ್ಸು …… , ಊರು …… , ತಾಲೂಕು …… . ಅವನನ್ನು …… ಠಾಣೆಯವರು …… ತಾರೀಖಿಗೆ ಬಂಧಿಸಿದ್ದಾರೆ. ಕ್ರೈಂ ನಂಬರ್ …… , ಸೆಕ್ಷನ್ …… . ಈಗ …… ಜೈಲಿನಲ್ಲಿದ್ದಾನೆ. ಮುಂದಿನ ತಾರೀಖು …… . ಕಸ್ಟಡಿಯಲ್ಲಿರುವ ಕಾರಣ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಅವನು ಉಚಿತ ನೆರವಿಗೆ ಅರ್ಹನಾಗಿದ್ದಾನೆ. ರಿಮಾಂಡ್, ಜಾಮೀನು ಮತ್ತು ವಿಚಾರಣೆಗೆ ವಕೀಲರನ್ನು ನೇಮಿಸಬೇಕೆಂದು ಕೋರುತ್ತೇನೆ.

ಸಹಿ ಅಥವಾ ಹೆಬ್ಬೆಟ್ಟು, ಮೊಬೈಲ್ ನಂಬರ್, ತಾರೀಖು"

ಎರಡು ಪ್ರತಿ ಮಾಡಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ತಾರೀಖು ಹಾಕಿಸಿಕೊಳ್ಳಿ. ಆಧಾರ್ ಜೆರಾಕ್ಸ್ ಮತ್ತು ಸಿಕ್ಕಿದ್ದರೆ ಎಫ್‌ಐಆರ್ ಪ್ರತಿ ಲಗತ್ತಿಸಿ. ಸಿಕ್ಕಿಲ್ಲದಿದ್ದರೆ ಕಾಯಬೇಡಿ, ಅದನ್ನು ವಕೀಲರು ತರಿಸಿಕೊಳ್ಳುತ್ತಾರೆ. ಅರ್ಜಿಯ ಮೇಲೆ ಏಳು ದಿನದೊಳಗೆ ತೀರ್ಮಾನ ಆಗಬೇಕು. ಮಾರನೇ ದಿನವೇ ರಿಮಾಂಡ್ ಇದ್ದರೆ ಅದನ್ನು ಬಾಯಲ್ಲೂ ಹೇಳಿ. ತಿರಸ್ಕರಿಸಿದರೆ ಪ್ರಾಧಿಕಾರದ ಅಧ್ಯಕ್ಷರಿಗೆ, ಅಂದರೆ ಜಿಲ್ಲಾ ನ್ಯಾಯಾಧೀಶರಿಗೆ, ಮೇಲ್ಮನವಿ ಕೊಡಬಹುದು.

ಒಳಗಿರುವವರು ತಾವೇ ಅರ್ಜಿ ಕೊಡಬಹುದು. ವಿಜಯಪುರದ ದರ್ಗಾ ಜೈಲಿರಲಿ, ಬೆಳಗಾವಿಯ ಹಿಂಡಲಗಾ ಜೈಲಿರಲಿ, ಜೈಲಿನೊಳಗೆ ಕಾನೂನು ನೆರವು ಕೇಂದ್ರ ಇರುತ್ತದೆ. ಭೇಟಿಗೆ ಹೋದಾಗ ನಿಮ್ಮವರಿಗೆ ಇದನ್ನು ಹೇಳಿ. ಜೈಲು ಅಧೀಕ್ಷಕರ ಮೂಲಕ ಹೋದ ಅರ್ಜಿಗೂ ಅಷ್ಟೇ ಬೆಲೆ.

ನಮ್ಮ ಜಿಲ್ಲೆಯಿಂದ ಗೋವಾ, ಕೊಲ್ಹಾಪುರ, ಪುಣೆ ಕಡೆ ದುಡಿಯಲು ಹೋದವರು ಅಲ್ಲಿ ಸಿಕ್ಕಿಬಿದ್ದರೆ? ಕೇಸ್ ನಡೆಯುವುದು ಅಲ್ಲಿಯ ಕೋರ್ಟಿನಲ್ಲಿ, ವಕೀಲರನ್ನು ಕೊಡುವುದೂ ಅಲ್ಲಿಯ ಪ್ರಾಧಿಕಾರ. ಕಸ್ಟಡಿಯಲ್ಲಿರುವವರ ಹಕ್ಕು ದೇಶದ ಎಲ್ಲ ಕಡೆ ಒಂದೇ. 15100ಕ್ಕೆ ಇಲ್ಲಿಂದಲೇ ಕರೆ ಮಾಡಿ, ಅಥವಾ ವಿಜಯಪುರದ ಕಚೇರಿಗೆ ಅರ್ಜಿ ಕೊಟ್ಟು ಅಲ್ಲಿಗೆ ಕಳಿಸಿ ಎಂದು ಕೇಳಿ.

ವಕೀಲರು ಸಿಕ್ಕ ಮೇಲೆ

ಇಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡು ಊರಿಗೆ ಹೋಗಿ ಕೂರುವವರೇ ಜಾಸ್ತಿ. ಇಲ್ಲೇ ಕೇಸ್ ಸೋಲುವುದು. ವಕೀಲರ ಮುಂದೆ ಇರುವುದು ಪೊಲೀಸರ ಕಾಗದ ಮಾತ್ರ. ನಿಮ್ಮ ಕಡೆಯ ಕಥೆ ನೀವು ಹೇಳದೆ ಅವರಿಗೆ ಎಲ್ಲಿಂದ ಗೊತ್ತಾಗಬೇಕು? ನೇಮಕವಾದ ವಾರದೊಳಗೆ ಮನೆಯ ಒಬ್ಬರು ಹೋಗಿ ಮುಖಾಮುಖಿ ಮಾತಾಡಿ. ಪ್ರತಿಸಲ ಅದೇ ಒಬ್ಬರು ಹೋದರೆ ಒಳ್ಳೆಯದು.

ಏನು ಹೇಳಬೇಕು? ನಿಜ ಹೇಳಬೇಕು, ಪೂರ್ತಿ ಹೇಳಬೇಕು. ವಕೀಲರಿಗೆ ಹೇಳಿದ ಮಾತು ಗುಟ್ಟಾಗಿಯೇ ಇರುತ್ತದೆ, ಅದನ್ನು ಕಾನೂನೇ ಕಾಪಾಡುತ್ತದೆ. ಆರೋಪಿಗೆ ಫಿಟ್ಸ್, ಸಕ್ಕರೆ ಕಾಯಿಲೆ, ಮಾನಸಿಕ ತೊಂದರೆ ಇದ್ದರೆ ಆಸ್ಪತ್ರೆಯ ಚೀಟಿ ಕೊಡಿ. ಹಿಂದೆ ಕೇಸ್ ಇದ್ದರೆ ಮುಚ್ಚಿಡಬೇಡಿ. ಜಾಮೀನಿನ ದಿನ ಅದು ಅಭಿಯೋಜಕರ ಬಾಯಿಂದ ಹೊರಬಂದರೆ ನಿಮ್ಮ ವಕೀಲರ ಕೈ ಕಟ್ಟಿಹೋಗುತ್ತದೆ.

ಘಟನೆಯ ಹೊತ್ತಿಗೆ ಅವನು ಬೇರೆಡೆ ಇದ್ದ ಎನ್ನುವುದಾದರೆ ಅದಕ್ಕೆ ಆಧಾರ ಬೇಗ ಹುಡುಕಿ. ಸಕ್ಕರೆ ಕಾರ್ಖಾನೆಯ ತೂಕದ ಚೀಟಿ, ಉದ್ಯೋಗ ಖಾತ್ರಿಯ ಹಾಜರಿ, ಬಸ್ ಟಿಕೆಟ್, ಫೋನ್‌ಪೇಯಲ್ಲಿ ಹಣ ಕೊಟ್ಟ ದಾಖಲೆ, ಪೆಟ್ರೋಲ್ ಬಂಕಿನ ಸಿಸಿ ಕ್ಯಾಮೆರಾ ಹೀಗೆ ಏನಾದರೂ ಇರುತ್ತದೆ. ಕ್ಯಾಮೆರಾದ ಹಳೆಯ ದೃಶ್ಯ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗುತ್ತದೆ. ಅದನ್ನು ಉಳಿಸಿಡಲು ಕೋರ್ಟಿಗೆ ಅರ್ಜಿ ಹಾಕುವುದು ವಕೀಲರ ಕೆಲಸ. ಕ್ಯಾಮೆರಾ ಎಲ್ಲಿದೆ ಎಂದು ಹೇಳುವುದು ನಿಮ್ಮ ಕೆಲಸ.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪ್ರತಿ ತಾರೀಖಿಗೆ ಏನಾಯಿತು, ಮುಂದಿನ ತಾರೀಖು ಯಾವುದು ಎಂದು ಬರೆಯಿರಿ. ಕೇಸಿನ ಸಿಎನ್‌ಆರ್ ನಂಬರ್ (ಪ್ರತಿ ಕೇಸಿಗೂ ಕೋರ್ಟ್ ಕೊಡುವ ಗುರುತಿನ ಸಂಖ್ಯೆ) ಕೇಳಿ ತೆಗೆದುಕೊಂಡರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ತಾರೀಖನ್ನು ಮೊಬೈಲಿನಲ್ಲೇ ನೋಡಬಹುದು. ಕಾಲೇಜಿಗೆ ಹೋಗುವ ಮಕ್ಕಳಿಗೆ ಈ ಕೆಲಸ ಒಪ್ಪಿಸಿ.

ಹಣದ ವಿಷಯ. ಉಚಿತ ನೆರವಿನ ವಕೀಲರು ನಿಮ್ಮಿಂದ ಫೀ, ಉಡುಗೊರೆ ಯಾವುದನ್ನೂ ತೆಗೆದುಕೊಳ್ಳುವಂತಿಲ್ಲ. ಕೋರ್ಟ್ ಫೀ, ಟೈಪಿಂಗ್, ದೃಢೀಕೃತ ಪ್ರತಿಗಳ ಖರ್ಚು ಕೂಡ ಪ್ರಾಧಿಕಾರದ್ದೇ.

ಜಾಮೀನು: ಬಡವರು ಸಿಕ್ಕಿಕೊಳ್ಳುವ ಜಾಗ

ಜಾಮೀನಿನ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ. ಜೈಲಿನಲ್ಲಿರುವ ಬಡವರಲ್ಲಿ ಹಲವರು ಜಾಮೀನು ಸಿಕ್ಕಿಯೂ ಒಳಗೇ ಇರುವವರು. ಅದಕ್ಕಿಂತ ನೋವಿನ ಸಂಗತಿ ಇನ್ನೊಂದಿಲ್ಲ.

ಮೊದಲು ಕೇಸ್ ಜಾಮೀನು ಸಿಗುವಂಥದ್ದಾ ಎಂದು ಕೇಳಿ. ಸಣ್ಣ ಹೊಡೆದಾಟದಂಥ ಜಾಮೀನೀಯ ಅಪರಾಧಗಳಲ್ಲಿ ಜಾಮೀನು ಹಕ್ಕು, ಠಾಣೆಯಲ್ಲೇ ಕೊಡಬೇಕು. ಒಂದು ವಾರದೊಳಗೆ ಜಾಮೀನುದಾರರನ್ನು ತರಲಾಗದಿದ್ದರೆ ಅವನು ಬಡವ ಎಂದೇ ತಿಳಿದು, ಜಾಮೀನುದಾರರಿಲ್ಲದೆ ಸ್ವಂತ ಬಾಂಡ್ ಮೇಲೆ ಬಿಡಬೇಕು. ಇದು ಸಂಹಿತೆಯ 478ನೇ ಸೆಕ್ಷನ್‌ನಲ್ಲಿದೆ.

ದೊಡ್ಡ ಕೇಸುಗಳಲ್ಲಿ ದಿನ ಎಣಿಸುವುದನ್ನು ಕಲಿಯಿರಿ. ಪೊಲೀಸರು ಚಾರ್ಜ್‌ಶೀಟ್ (ತನಿಖೆ ಮುಗಿಸಿ ಕೋರ್ಟಿಗೆ ಕೊಡುವ ಆರೋಪಪಟ್ಟಿ) ಹಾಕಲು 60 ದಿನ ಅಥವಾ 90 ದಿನದ ಗಡುವು ಇದೆ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷಕ್ಕೆ ಕಡಿಮೆ ಇಲ್ಲದ ಶಿಕ್ಷೆಯ ಅಪರಾಧಗಳಿಗೆ 90, ಉಳಿದವಕ್ಕೆ 60. ಮೊದಲು ರಿಮಾಂಡ್ ಆದ ದಿನವನ್ನೂ ಸೇರಿಸಿ ಎಣಿಸಿ. ಗಡುವು ದಾಟಿಯೂ ಚಾರ್ಜ್‌ಶೀಟ್ ಬಂದಿಲ್ಲದಿದ್ದರೆ ಜಾಮೀನು ಹಕ್ಕಾಗುತ್ತದೆ, ಅಪರಾಧ ಎಷ್ಟೇ ದೊಡ್ಡದಿರಲಿ. ಆದರೆ ಕೇಳಬೇಕು. ನೀವು ಕೇಳುವ ಮೊದಲೇ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಕೈಬಿಟ್ಟುಹೋಗುತ್ತದೆ. ಅದಕ್ಕೇ 55ನೇ ದಿನದ ಹೊತ್ತಿಗೆ ವಕೀಲರಿಗೆ ಒಂದು ಫೋನ್ ಮಾಡಿ ನೆನಪಿಸಿ. ಈ ಅರ್ಜಿಯನ್ನು ಬಾಯಲ್ಲಿ ಕೇಳಿದರೂ ಸಾಕು ಎಂದು 2017ರಲ್ಲಿ ರಾಕೇಶ್ ಕುಮಾರ್ ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಂಜಾದಂಥ ಮಾದಕ ವಸ್ತುಗಳ ಕೇಸಿನಲ್ಲಿ, ವಾಣಿಜ್ಯ ಪ್ರಮಾಣದ ಮಾಲು ಸಿಕ್ಕಿದ್ದರೆ, ಗಡುವು 180 ದಿನ.

ಜಾಮೀನು ಆದೇಶ ಬಂತು. ಈಗ ಜಾಮೀನುದಾರ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಹೊಲದ ಉತಾರ ಮತ್ತು ಆಧಾರ್ ಹಿಡಿದು ಬಂದವರನ್ನು ಒಪ್ಪುತ್ತಾರೆ. ಹೊಲ ಇಲ್ಲದ ಕೂಲಿಯವರಿಗೆ ಇಲ್ಲಿ ದಾರಿ ಮುಚ್ಚುತ್ತದೆ. ಆಗ ಕೋರ್ಟಿನ ಹೊರಗೆ ಸುಳ್ಳು ಉತಾರ ಹಿಡಿದು "ಇಷ್ಟು ಕೊಡಿ, ಜಾಮೀನು ನಿಲ್ತೀನಿ" ಎನ್ನುವವರು ಸಿಗುತ್ತಾರೆ. ಅವರ ಸಹವಾಸ ಖಂಡಿತ ಬೇಡ. ಸಿಕ್ಕಿಬಿದ್ದರೆ ಇನ್ನೊಂದು ಕೇಸ್ ನಿಮ್ಮ ಮೇಲೆಯೇ ಬೀಳುತ್ತದೆ.

ಮೊತ್ತ ಹೆಚ್ಚಾಯಿತು, ಜಾಮೀನುದಾರ ಸಿಗುತ್ತಿಲ್ಲ ಎನ್ನುವುದನ್ನು ವಕೀಲರಿಂದ ಕೋರ್ಟಿಗೆ ಹೇಳಿಸಿ, ಷರತ್ತು ಸಡಿಲಿಸಲು ಅರ್ಜಿ ಹಾಕಿಸಿ. 1978ರ ಮೋತಿ ರಾಮ್ ಪ್ರಕರಣ ಇಲ್ಲಿ ನೆರವಿಗೆ ಬರುತ್ತದೆ. ಅವನು ಒಬ್ಬ ಬಡ ಗೌಂಡಿ. ಮ್ಯಾಜಿಸ್ಟ್ರೇಟರು ಹತ್ತು ಸಾವಿರದ ಜಾಮೀನು ಕೇಳಿದರು. ಸಹೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಅವನ ಜಾಮೀನನ್ನೂ ಒಪ್ಪಲಿಲ್ಲ. ಬಡವನಿಗೆ ಅವನ ಶಕ್ತಿಗೆ ಮೀರಿದ ಮೊತ್ತ ಹಾಕುವುದೂ, ಜಾಮೀನುದಾರ ಬೇರೆ ಜಿಲ್ಲೆಯವನು ಎಂದು ತಳ್ಳಿಹಾಕುವುದೂ ತಪ್ಪು ಎಂದು ಸುಪ್ರೀಂ ಕೋರ್ಟ್ ಹೇಳಿತು. ಸೊಲ್ಲಾಪುರದ ಅಳಿಯ, ಜತ್ತದ ಸೋದರಮಾವ ಜಾಮೀನು ನಿಲ್ಲಲು ಬಂದಾಗ ಈ ತೀರ್ಪನ್ನು ವಕೀಲರಿಗೆ ನೆನಪಿಸಿ.

2023ರ ಜನವರಿ 31ರಂದು ಸುಪ್ರೀಂ ಕೋರ್ಟ್ ಇನ್ನೊಂದು ದಾರಿ ಮಾಡಿಕೊಟ್ಟಿತು. ಜಾಮೀನು ಸಿಕ್ಕ ಏಳು ದಿನದೊಳಗೆ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟ್ ತಾನಾಗಿಯೇ ಷರತ್ತು ಬದಲಿಸುವುದನ್ನು ಪರಿಶೀಲಿಸಬಹುದು. ಎಂಟನೇ ದಿನ ನೀವೇ ಪ್ರಾಧಿಕಾರಕ್ಕೆ ಹೋಗಿ ಕೇಳಿ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳ ನೆರವಿನ ಯೋಜನೆ ಆರಂಭಿಸಿತು. ಜಾಮೀನಿನ ಹಣ ಕಟ್ಟಲಾಗದ ವಿಚಾರಣಾ ಕೈದಿಗೆ 40 ಸಾವಿರದವರೆಗೆ, ದಂಡ ಕಟ್ಟಲಾಗದ ಶಿಕ್ಷೆಯ ಕೈದಿಗೆ 25 ಸಾವಿರದವರೆಗೆ ನೆರವು ಎಂದು ಆಗ ನಿಗದಿ ಮಾಡಿದ್ದರು. ಮಾದಕ ವಸ್ತು, ಭ್ರಷ್ಟಾಚಾರದಂಥ ಕೇಸುಗಳಿಗೆ ಇದು ಇಲ್ಲ.

ವಿಚಾರಣೆ ಮುಗಿಯದೆ ಜಾಸ್ತಿ ದಿನ ಒಳಗಿದ್ದವರಿಗೆ 479ನೇ ಸೆಕ್ಷನ್ ಇದೆ. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಭಾಗ. ಮನೆಗಳ್ಳತನದ ಗರಿಷ್ಠ ಶಿಕ್ಷೆ ಏಳು ವರ್ಷ ಎಂದರೆ ಮೂರನೇ ಒಂದು ಭಾಗ 2 ವರ್ಷ 4 ತಿಂಗಳು. ಮರಣದಂಡನೆ ಅಥವಾ ಜೀವಾವಧಿಯ ಅಪರಾಧಕ್ಕೆ, ಒಂದಕ್ಕಿಂತ ಹೆಚ್ಚು ಕೇಸ್ ಬಾಕಿ ಇದ್ದವರಿಗೆ ಇದು ಅನ್ವಯಿಸುವುದಿಲ್ಲ. ಅರ್ಜಿ ಹಾಕುವ ಹೊಣೆ ಜೈಲು ಅಧೀಕ್ಷಕರದ್ದು. ಹಳೆಯ ಕೇಸುಗಳಿಗೂ ಇದು ಸಿಗುತ್ತದೆ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ವಿಚಾರಣೆ ನಡೆಯುವಾಗ

ಚಾರ್ಜ್‌ಶೀಟ್ ಮತ್ತು ಸಾಕ್ಷಿಗಳ ಹೇಳಿಕೆಗಳ ಪ್ರತಿ ಆರೋಪಿಗೆ ಉಚಿತವಾಗಿ ಸಿಗಬೇಕು. ಹಾಜರಾದ 14 ದಿನದೊಳಗೆ ಕೊಡಬೇಕು. ಮನೆಯವರು ಇದರ ಜೆರಾಕ್ಸ್ ಇಟ್ಟುಕೊಂಡು, ಓದು ಬಲ್ಲವರಿಂದ ಓದಿಸಿ. ಸಾಕ್ಷಿಗಳ ಹೆಸರು ನೋಡಿದ ಕೂಡಲೇ ನಿಮಗೆ ಗೊತ್ತಾಗುವ ಸಂಗತಿ ವಕೀಲರಿಗೆ ಗೊತ್ತಾಗುವುದಿಲ್ಲ. ಯಾರಿಗೆ ಬದುವಿನ ಜಗಳ ಇತ್ತು, ಯಾರು ಆ ದಿನ ಊರಲ್ಲೇ ಇರಲಿಲ್ಲ ಎಂಬುದನ್ನು ನೀವು ಹೇಳಬೇಕು.

"ತಪ್ಪು ಒಪ್ಪಿಕೋ, ದಂಡ ಕಟ್ಟು, ಮನೆಗೆ ಹೋಗು." ಇಸ್ಪೀಟು, ಮಟಕಾ, ಸಾರಾಯಿ ಕೇಸುಗಳಲ್ಲಿ ಈ ಸಲಹೆ ಬಹಳ ಸಿಗುತ್ತದೆ. ತಪ್ಪೊಪ್ಪಿಕೊಂಡರೆ ಅದು ಶಿಕ್ಷೆಯಾಗಿ ದಾಖಲಾಗುತ್ತದೆ. ನಾಳೆ ಪೊಲೀಸ್ ನೇಮಕಾತಿಗೆ, ಸೇನೆಗೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಆ ದಾಖಲೆ ಎದ್ದು ಬರುತ್ತದೆ. ಮೇಲೆ ಹೇಳಿದ ಮೂರನೇ ಒಂದು ಭಾಗದ ರಿಯಾಯಿತಿಯೂ ಮುಂದೆ ಸಿಗುವುದಿಲ್ಲ. ವಕೀಲರೊಂದಿಗೆ ಮಾತಾಡದೆ ಯಾರೂ ತಪ್ಪೊಪ್ಪಿಕೊಳ್ಳಬಾರದು.

ಜೀವಾವಧಿ ಅಥವಾ ಮರಣದಂಡನೆಯ ಕೇಸುಗಳಿಗೆ ಕನಿಷ್ಠ ಹತ್ತು ವರ್ಷ ಅನುಭವದ ವಕೀಲರನ್ನೇ ನೇಮಿಸಬೇಕು, ತಯಾರಿಗೆ ಕನಿಷ್ಠ ಏಳು ದಿನ ಕೊಡುವುದು ಸೂಕ್ತ ಎಂದು 2019ರ ಅನೋಖಿಲಾಲ್ ತೀರ್ಪು ಹೇಳುತ್ತದೆ. ಆ ಕೇಸಿನಲ್ಲಿ ವಕೀಲರನ್ನು ನೇಮಿಸಿದ ದಿನವೇ ಆರೋಪ ಹೊರಿಸಲಾಗಿತ್ತು. ಸುಪ್ರೀಂ ಕೋರ್ಟ್ ಆ ಮರಣದಂಡನೆಯನ್ನು ರದ್ದು ಮಾಡಿ ಹೊಸದಾಗಿ ವಿಚಾರಣೆ ನಡೆಸಲು ಹೇಳಿತು.

ಊರು ಕೆರಳಿ ನಿಂತಿರುವ ಕೇಸುಗಳಲ್ಲಿ "ಇವನ ಪರ ಯಾರೂ ವಕಾಲತ್ತು ಹಾಕಬಾರದು" ಎಂಬ ಒತ್ತಡ ಬರುತ್ತದೆ, ವಕೀಲರ ಸಂಘಗಳೇ ಠರಾವು ಮಾಡಿದ್ದೂ ದೇಶದಲ್ಲಿ ಇದೆ. ಅಂಥ ಠರಾವಿಗೆ ಬೆಲೆಯಿಲ್ಲ ಎಂದು 2010ರಲ್ಲಿ ಮೊಹಮ್ಮದ್ ರಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆರೋಪ ಎಷ್ಟೇ ಕೆಟ್ಟದ್ದಿರಲಿ, ಅದು ನಿಜವೋ ಸುಳ್ಳೋ ಎಂದು ಗೊತ್ತಾಗಬೇಕಾದರೆ ಇನ್ನೊಂದು ಕಡೆಯಿಂದಲೂ ಒಬ್ಬರು ಮಾತಾಡಬೇಕು. ನೊಂದವರಿಗೂ ಅದರಿಂದಲೇ ಗಟ್ಟಿಯಾದ ತೀರ್ಪು ಸಿಗುತ್ತದೆ.

ವಕೀಲರು ಗಮನ ಕೊಡದಿದ್ದರೆ

ಫೋನ್ ತೆಗೆಯುತ್ತಿಲ್ಲ, ತಾರೀಖಿಗೆ ಬರುತ್ತಿಲ್ಲ, ಹಣ ಕೇಳಿದರು. ಇಂಥದ್ದಾದರೆ ಸದಸ್ಯ ಕಾರ್ಯದರ್ಶಿಗೆ ಬರಹದಲ್ಲಿ ಕೊಡಿ. ಯಾವ ತಾರೀಖಿಗೆ ಏನಾಯಿತು ಎಂದು ನಿಮ್ಮ ನೋಟ್‌ಬುಕ್ ನೋಡಿ ಬರೆಯಿರಿ. ಕೇಸುಗಳ ಪ್ರಗತಿ ನೋಡಲು ಪ್ರಾಧಿಕಾರದಲ್ಲಿ ಮೇಲ್ವಿಚಾರಣಾ ಸಮಿತಿ ಇರುತ್ತದೆ, ಕಾರಣ ಸರಿ ಇದ್ದರೆ ಬೇರೆ ವಕೀಲರನ್ನು ಕೊಡುತ್ತಾರೆ. ಸಿಟ್ಟಿನಲ್ಲಿ ಕೇಸಿನ ನಡುವೆ ವಕೀಲರನ್ನು ಬಿಟ್ಟು, ಹೊಸಬರು ಬರುವ ಮೊದಲೇ ಸಾಕ್ಷಿ ವಿಚಾರಣೆಯ ದಿನ ಒಬ್ಬಂಟಿಯಾಗಿ ನಿಲ್ಲಬೇಡಿ. ಅಂಥ ಸ್ಥಿತಿ ಬಂದರೆ ನ್ಯಾಯಾಧೀಶರಿಗೆ ನೇರವಾಗಿ ಹೇಳಿ. ಆರೋಪಿಗೆ ವಕೀಲರಿಲ್ಲ, ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ ಎಂದು ಕಂಡರೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಹೊಣೆ ಸಂಹಿತೆಯ 341ನೇ ಸೆಕ್ಷನ್ ಪ್ರಕಾರ ಕೋರ್ಟಿನದ್ದೇ.

ಶಿಕ್ಷೆಯಾದರೆ

ತೀರ್ಪಿನ ಪ್ರತಿ ಆರೋಪಿಗೆ ಉಚಿತವಾಗಿ ಸಿಗಬೇಕು. ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಗೆ ಸತ್ರ ನ್ಯಾಯಾಲಯದಲ್ಲಿ ಮೇಲ್ಮನವಿ ಹಾಕಲು 30 ದಿನ, ಸತ್ರ ನ್ಯಾಯಾಲಯದ ಶಿಕ್ಷೆಗೆ ಹೈಕೋರ್ಟಿಗೆ ಹೋಗಲು 60 ದಿನ. ಮರಣದಂಡನೆ ಆಗಿದ್ದರೆ 30 ದಿನ ಮಾತ್ರ. ಮೇಲ್ಮನವಿಗೂ ಉಚಿತ ವಕೀಲರು ಸಿಗುತ್ತಾರೆ. 1978ರ ಹೊಸ್ಕೋಟ್ ತೀರ್ಪಿನಿಂದಲೇ ಇದು ಹಕ್ಕಾಗಿದೆ. ಮೇಲ್ಮನವಿಯ ಜೊತೆಗೆ ಶಿಕ್ಷೆಯನ್ನು ತಡೆಹಿಡಿದು ಜಾಮೀನು ಕೊಡಿ ಎಂಬ ಅರ್ಜಿಯನ್ನೂ ಹಾಕಿಸಿ.

ಹೈಕೋರ್ಟ್ ಎಂದರೆ ಬೆಂಗಳೂರು ಎಂದುಕೊಂಡು ಕೈಚೆಲ್ಲಬೇಡಿ. ಬೆಳಗಾವಿ ಮತ್ತು ಬಾಗಲಕೋಟೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಅಲ್ಲಿ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ವಕೀಲರನ್ನು ಕೊಡುತ್ತದೆ. ನೀವು ಕಲಬುರಗಿಗೆ ಹೋಗಬೇಕೆಂದೂ ಇಲ್ಲ. ಜೈಲಿನಿಂದ ಅಧೀಕ್ಷಕರ ಮೂಲಕ, ಅಥವಾ ವಿಜಯಪುರದ ಪ್ರಾಧಿಕಾರದ ಮೂಲಕ ಅರ್ಜಿ ಕಳಿಸಬಹುದು. ಅರ್ಜಿಯ ಜೊತೆ ತೀರ್ಪಿನ ಪ್ರತಿ, ಚಾರ್ಜ್‌ಶೀಟ್ ಮತ್ತು ಸಾಕ್ಷಿಗಳ ಹೇಳಿಕೆಯ ಪ್ರತಿಗಳನ್ನು ಇಡಿ. 60 ದಿನ ದಾಟಿಹೋಗಿದ್ದರೂ ಅರ್ಜಿ ಹಾಕಿ. ತಡವಾದದ್ದು ಯಾಕೆ, ತೀರ್ಪಿನ ಪ್ರತಿ ಯಾವ ದಿನ ಕೈಗೆ ಬಂತು, ಮನೆಯವರು ಎಲ್ಲಿದ್ದರು ಎಂದು ತಾರೀಖಿನ ಸಮೇತ ಬರೆದರೆ ತಡವನ್ನು ಮನ್ನಿಸುವ ಅಧಿಕಾರ ಹೈಕೋರ್ಟಿಗೆ ಇದೆ.